ಕೆನೆ ತೆಗೆದ ಹಾಲು

ಬಬಲೇಶ್ವರ
೨೫ ನವೆಂಬರ್ ೨೦೨೪

ತಮ್ಮಾ ಸಿದ್ದು,

ಸೋಲಾಪುರದಲ್ಲಿ ಆರಾಮ ಇದ್ದೀಯಲ್ಲ? ಮೆಸ್ಸಿನ ಊಟಕ್ಕೆ ಹೊಟ್ಟೆ ಉರಿಯುತ್ತದೆ ಅಂದಿದ್ದೆ, ಮಜ್ಜಿಗೆ ಕುಡಿ. ಫೋನು ಮಾಡಿದರೆ ಇಲ್ಲಿ ಎಲ್ಲರೂ ಸ್ಪೀಕರ್ ಹಾಕಿಸಿ ಕೇಳುತ್ತಾರೆ, ಅದಕ್ಕೇ ಈ ಕಾಗದ. ಕಂಡಕ್ಟರ್ ಶಾಂತಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಹೋದ ಶುಕ್ರವಾರ ನನ್ನ ಐಶು ಶಾಲೆಯಲ್ಲಿ ತಲೆ ತಿರುಗಿ ಬಿದ್ದಳು. ವಿಜಯಪುರಕ್ಕೆ ಕರೆದೊಯ್ದೆವು. ಮೈಯಲ್ಲಿ ರಕ್ತವೇ ಇಲ್ಲವಂತೆ. "ಮನ್ಯಾಗ ಹುಡುಗಿಗೆ ಉಣ್ಣಾಕ ಹಾಕಂಗಿಲ್ಲೇನ್ರಿ?" ಎಂದು ಡಾಕ್ಟರು ಕೇಳಿದಾಗ ನಮ್ಮ ಯಜಮಾನರು, ನಿನ್ನ ಮಾವ, ತಲೆ ತಗ್ಗಿಸಿದರು. ಎರಡು ಎಮ್ಮೆ ಹಿಂಡುವ ಮನೆ ನಮ್ಮದು. ಹಾಕದವಳು ನಾನು ಸಿದ್ದು, ನಾನೇ.

ಹೋದ ವರ್ಷ ಪಂಚಮಿಗೆ ನಾವು ತವರಿಗೆ, ತಿಕೋಟಾಕ್ಕೆ ಬಂದಾಗ ಅವ್ವ ಎಲ್ಲರೆದುರು ಅಂದಳಲ್ಲ, "ಐಶು ದೊಡ್ಡಾಕಿ ಆದ ತಿಂಗಳದಾಗ ನಮ್ಮ ಸಿದ್ದೂಗ ಕೊಟ್ಟು ಅಕ್ಕಿಕಾಳು ಹಾಕಿ ಲಗ್ನ ಮಾಡಿಬಿಡೂದು." ಆಗ ಅವಳಿಗೆ ಹನ್ನೊಂದು! ನಿನ್ನ ಮಾವನೂ ಹೂಂ ಅಂದರು. ಬೇಡವೆಂದ ನಾನು ತವರು ಮರೆತವಳಾದೆ. ನೀನು, ಬಾಯಿಸತ್ತವನೇ, ಉಂಡಿ ಮುರಿಯುತ್ತ ನಕ್ಕು ಸುಮ್ಮನಾದೆ. ಅದೇ ವಾರ ನಮ್ಮ ಓಣಿಗೆ ಬಂದ ನರ್ಸು, "ಮೈ ತುಂಬಿದ ಹುಡುಗ್ಯಾರು ಲಗೂ ದೊಡ್ಡವರಾಗಬಹುದ್ರಿ, ಮೈಯಾಗ ಕಸುವಿಲ್ಲದವರಿಗೆ ತಡಾ ಆಗ್ತೈತಿ" ಎಂದಳು. ಮಕ್ಕಳಿಗೆ ಚೆನ್ನಾಗಿ ಉಣ್ಣಿಸಿ ಎನ್ನಲು ಬಂದಿದ್ದಳು ಪಾಪ. ನಾನು ಉಲ್ಟಾ ಕಲಿತೆ.

ಅಂದಿನಿಂದ ಐಶುವಿನ ಹಾಲಿನ ಕೆನೆ ತೆಗೆದೆ. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಸೊಸೆಗೆಂದು ನೀನು ಕಳಿಸಿದ ಒಣ ಖರ್ಜೂರದ, ಆ ಖಾರೀಕಿನ ಡಬ್ಬಿ ಅಟ್ಟದ ಮೇಲಿದೆ. "ಯವ್ವಾ, ನನಗಷ್ಟ ಯಾಕ ನೀರ ಹಾಲು?" ಎಂದು ಒಮ್ಮೆ ಕೇಳಿದಳು. ಮತ್ತೆ ಕೇಳಲಿಲ್ಲ. ನನ್ನ ಕೈಗೆ ಹುಳ ಬೀಳಲಿ! ಈಗ ನನ್ನ ಬಳೆ ಅವಳ ಮೊಣಕೈ ದಾಟುತ್ತದೆ.

ಡಾಕ್ಟರು ಬರೆದ ಗುಳಿಗೆ ಕೊಡುತ್ತಿದ್ದೇನೆ. ಉಣ್ಣಿಸಿದರೆ ಅವ್ವನ ಅಕ್ಕಿಕಾಳು ಬೇಗ ಬರುತ್ತದೆಂಬ ಭಯ, ಉಣ್ಣಿಸದಿದ್ದರೆ ಮಗಳೇ ಉಳಿಯುವುದಿಲ್ಲ.

ನೂರು ವರ್ಷ ಬಾಳು. ನನ್ನ ಬೈಗುಳ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ,
ಸೌಭಾಗ್ಯ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಐಶು ಬಚ್ಚಲಿನಿಂದ ಕರೆದಳು. ಆಗಿಹೋಯಿತು. ಬಟ್ಟೆ ನಾನೇ ತೊಳೆದೆ, ಯಾರಿಗೂ ಹೇಳಿಲ್ಲ. ಡಬ್ಬಿ ಇಳಿಸಿ ಮುಂದಿಟ್ಟೆ, ನನ್ನ ಮುಖ ನೋಡಿ ಹೆದರುತ್ತ ಒಂದೇ ಖಾರೀಕು ತೆಗೆದುಕೊಂಡಳು. ಭಾನುವಾರ ಅವಳನ್ನು ನೋಡಲು ಅವ್ವ ಬರುತ್ತಾಳೆ, ಅವಳ ಕಣ್ಣಿಗೆ ಮುಚ್ಚಿಡಲು ನನ್ನಿಂದಾಗದು. ಅದಕ್ಕೂ ಮೊದಲು ಫೋನು ಮಾಡು. ಸ್ಪೀಕರಿನಲ್ಲಿ ಎಲ್ಲರೂ ಕೇಳಲಿ. ಒಲ್ಲೆ ಅನ್ನು.