ತುರ್ತಿಗೊಂದು ಹೆಸರು

ಅಂಗಡಿಯಿಂದ,
ಶನಿವಾರ, ಬೆಳಿಗ್ಗೆ ಒಂಬತ್ತೂವರೆ

ಪ್ರೀತಿಯ ಲೈಬ್ರರಿ ಮೇಡಂಗೆ,

ಇಲ್ಲಿ ಗಡಿಯಾರಗಳೆಲ್ಲ ಕ್ಷೇಮ, ಅವುಗಳ ಜೊತೆ ನಾನೂ ನಡೆಯುತ್ತಿದ್ದೇನೆ. ನಿನ್ನ ಹೋದ ತಿಂಗಳ ಪತ್ರ ಕೈಸೇರಿತು. ನಿಮ್ಮ ಲೈಬ್ರರಿಯ ಸೂರು ಸೋರುವುದು ನಿಂತಿತೆಂದು ಓದಿ ಸಮಾಧಾನವಾಯಿತು. ನನ್ನ ಪತ್ರ ಈ ಸಲ ಒಂದು ವಾರ ಮೊದಲೇ ಬಂತಲ್ಲ, ಏನಾಯಿತೋ ಏನೋ ಎಂದು ಗಾಬರಿಯಾಗಬೇಡ. ನಾನು ಹೊಸ ಫೋನು ತೆಗೆದುಕೊಂಡೆ. ಗಾಜಿನದು, ಬೆರಳಲ್ಲಿ ಸವರುವಂಥದ್ದು. ಹೌದು, ನಾನೇ. ನಗುವುದಿದ್ದರೆ ಈಗಲೇ ನಕ್ಕುಬಿಡು, ಮುಂದೆ ಓದುವುದಕ್ಕೆ ಅನುಕೂಲವಾಗುತ್ತದೆ.

ಹಳೆಯ ಗುಂಡಿ ಫೋನು ಕೈಕೊಟ್ಟಿತು, ಅದಕ್ಕೇ ಕೊಂಡೆ.

ಗುರುವಾರ ಡಬ್ಬಿ ಬಿಚ್ಚುವಾಗ ಪಕ್ಕದಂಗಡಿಯ ಬೀಗದಣ್ಣ ಹಾಜರಿದ್ದ. ಅವನು ಹೇಗೆಂದು ನಿನಗೆ ಗೊತ್ತು. ಕರೆಯದಿದ್ದರೂ ಬರುತ್ತಾನೆ, ಬಂದರೆ ಹೋಗುವುದಿಲ್ಲ. ಅವನ ಹತ್ತಿರ ಇಂಥ ಫೋನು ಎರಡು ವರ್ಷದಿಂದ ಇದೆ, ಹಾಗಾಗಿ ಈ ವಿಷಯದಲ್ಲಿ ಅವನೇ ಗುರು. ಗುರು ಶಿಷ್ಯ ಇಬ್ಬರೂ ಸೇರಿ ಮೊದಲು ಮಾಡಿದ ಕೆಲಸ ಏನು ಗೊತ್ತೇ? ಸ್ಕ್ರೂ ಹುಡುಕಿದ್ದು. ನಲವತ್ತು ವರ್ಷದಿಂದ ಯಾವ ವಸ್ತು ಕೈಗೆ ಬಂದರೂ ಮೊದಲು ಅದರ ಬೆನ್ನು ತೆರೆದು ನೋಡಿದವನು ನಾನು, ಅವನೂ ಅಷ್ಟೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕೂ ಅಂಚು ನೋಡಿದೆ. ಒಂದೇ ಒಂದು ಸ್ಕ್ರೂ ಇಲ್ಲ. "ತೆಗೆಯೋಕೆ ಬರದೇ ಇರೋದನ್ನ ಮಾಡಿದವರು ಒಳಗೆ ಏನೋ ಮುಚ್ಚಿಟ್ಟಿದ್ದಾರೆ ಅಂತಾನೇ ಅರ್ಥ," ಎಂದು ಬೀಗದಣ್ಣ ಮುಖ ಸಿಂಡರಿಸಿದ.

ಆಮೇಲೆ ಫೋನು ತಾನಾಗಿಯೇ ಎಚ್ಚರವಾಗಿ ಹತ್ತಾರು ಲಿಪಿಗಳಲ್ಲಿ ನಮಸ್ಕಾರ ಹೇಳಿತು. ನಮ್ಮದು ಬರುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಬಂತು. ಬೀಗದಣ್ಣ ಪ್ರತಿಯಾಗಿ ಕೈಯೆತ್ತಿ ನಮಸ್ಕಾರ ಮಾಡಿಯೇಬಿಟ್ಟ. ನಾನು ನಗಲಿಲ್ಲ, ಏಕೆಂದರೆ ನನ್ನ ಕೈಯೂ ಅರ್ಧಕ್ಕೆ ಬಂದಿತ್ತು.

ಅಕ್ಷರದ ಗಾತ್ರ ಎಷ್ಟಿರಲಿ ಎಂದು ಕೇಳಿತು. ಎಲ್ಲಕ್ಕಿಂತ ದೊಡ್ಡದನ್ನೇ ಇಟ್ಟುಕೊಂಡೆ. ಈಗ ಒಂದು ಸಾಲು ಓದುವುದಕ್ಕೆ ಮೂರು ಸಲ ಸವರಬೇಕು, ಆದರೆ ಕನ್ನಡಕ ಹುಡುಕುವುದು ತಪ್ಪಿತು. ಬೆರಳಚ್ಚು ಕೊಡು ಎಂದಿತು. ಕೊಟ್ಟೆ. ಬೆರಳು ಒರೆಸಿಕೊಂಡು ಮತ್ತೆ ಇಡು ಎಂದಿತು. ಒರೆಸಿಕೊಂಡು ಇಟ್ಟೆ. ಇನ್ನೊಂದು ಬೆರಳು ನೋಡು ಎಂದಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಚಿಮಟ ಹಿಡಿದು ಹಿಡಿದು ನುಣ್ಣಗಾಗಿವೆಯಂತೆ; ಗೆರೆಗಳೇ ಸಿಗುತ್ತಿಲ್ಲವಂತೆ. ಕೊನೆಗೆ ಯಾವ ಕೆಲಸಕ್ಕೂ ಬಾರದ ಎಡಗೈ ಕಿರುಬೆರಳನ್ನು ಒಪ್ಪಿಕೊಂಡಿತು. ಹಾಗಾಗಿ ಈಗ ಫೋನು ತೆರೆಯಬೇಕಾದರೆ ಬಿಸಿ ಲೋಟ ಹಿಡಿದವನ ಹಾಗೆ ಕಿರುಬೆರಳು ಚಾಚಬೇಕು.

ಬೆರಳೊಂದೇ ಸಾಲದು, ಬೀಗವೂ ಬೇಕು ಎಂದು ಬೀಗದಣ್ಣ ಹಟ ಹಿಡಿದ. ಒಂಬತ್ತು ಚುಕ್ಕಿಗಳ ಮೇಲೆ ಬೆರಳೆಳೆದು ಗೀಟು ಹಾಕುವ ಬೀಗ. "ಕಳ್ಳನ ಅಪ್ಪನ ಕೈಲೂ ತೆಗೆಯೋಕಾಗ್ಬಾರ್ದು, ನೋಡ್ತಿರು," ಎಂದು ಸರಸರ ಎಳೆದ. ಎಷ್ಟು ಜಾಣತನದಿಂದ ಎಳೆದನೆಂದರೆ, ಎರಡನೇ ಸಲ ಎಳೆಯುವುದು ಅವನಿಗೇ ಬರಲಿಲ್ಲ. ಊರಿನ ಬೀಗಗಳನ್ನೆಲ್ಲ ಕಣ್ಣುಮುಚ್ಚಿ ತೆಗೆಯುವವನನ್ನು ಫೋನು ಮೂವತ್ತು ಸೆಕೆಂಡು ಹೊರಗೆ ನಿಲ್ಲಿಸಿತು. ಮತ್ತೆ ತಪ್ಪಿದ, ಮತ್ತೆ ಮೂವತ್ತು ಸೆಕೆಂಡು. ನಾನು ನನ್ನ ಸ್ಟಾಪ್‌ವಾಚ್ ಹಿಡಿದು ಅಳೆದೆ. ಮೂವತ್ತೆಂದರೆ ಮೂವತ್ತೇ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆಗಲೇ ನನಗೆ ಈ ಫೋನಿನ ಮೇಲೆ ಗೌರವ ಹುಟ್ಟಿದ್ದು. ಬೀಗದಣ್ಣನಿಗೆ ಮಾತ್ರ ಅವಮಾನವಾಗಿ, ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಎದ್ದುಹೋದ. ಕಿರುಬೆರಳು ಇತ್ತಲ್ಲ, ಬಚಾವಾದೆ.

ಇಷ್ಟರವರೆಗೆ ತಮಾಷೆ. ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು.

ಅವನು ಹೋದಮೇಲೆ ಒಬ್ಬನೇ ಕೂತು ಮುಂದಕ್ಕೆ ಒತ್ತುತ್ತಾ ಹೋದೆ. ಒಂದು ಪುಟ ಬಂತು. ತುರ್ತು ಮಾಹಿತಿ ಎಂದು ಅದರ ಹೆಸರು. ಫೋನಿನ ಒಡೆಯ ಎಲ್ಲಾದರೂ ಬಿದ್ದಿದ್ದರೆ, ಬೀಗ ತೆಗೆಯದೆಯೇ ಯಾರು ಬೇಕಾದರೂ ನೋಡಬಹುದಾದ ಪುಟವಂತೆ. ಹೆಸರು ಬರೆದೆ. ರಕ್ತದ ಗುಂಪು ಕೇಳಿತು. ನನ್ನದು ನನಗೆ ಗೊತ್ತಿಲ್ಲ. ನಿನ್ನದು ಗೊತ್ತು. ಅದು ಯಾವತ್ತು, ಎಲ್ಲಿ ಗೊತ್ತಾಯಿತು ಎನ್ನುವುದು ನಮ್ಮಿಬ್ಬರಿಗೂ ಗೊತ್ತು. ಅದರ ಕೆಳಗೆ, ತುರ್ತು ಇದ್ದಾಗ ಯಾರನ್ನು ಕರೆಯಬೇಕು ಎಂದಿತ್ತು. ಅದರ ಪಕ್ಕದಲ್ಲಿ ಸಂಬಂಧ ಎಂದು ಇನ್ನೊಂದು ಖಾಲಿ ಜಾಗ.

ಮೂರು ವರ್ಷದಲ್ಲಿ ನಿನಗೆ ಮೂವತ್ತೈದು ಪತ್ರ ಬರೆದಿದ್ದೇನೆ. ಬಿಸಿಲು ಬರೆದೆ, ಚಳಿ ಬರೆದೆ, ಬೀಗದಣ್ಣನ ಹಲ್ಲುನೋವು ಎರಡು ಪುಟ ಬರೆದೆ. ಆ ದಿನದ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ. ನೀನೂ ಕೇಳಲಿಲ್ಲ. ಇವತ್ತು ಬರೆಯುತ್ತೇನೆ.

ನೀನು ಲೈಬ್ರರಿಯ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ನನಗೆ ಏಳು ಸಲ ಫೋನು ಮಾಡಿದೆ. ಆಗ ನನ್ನ ಮುಂದೆ ಒಂದು ಹೆಂಗಸರ ಕೈಗಡಿಯಾರ ಬಿಚ್ಚಿಕೊಂಡಿತ್ತು. ಕೂದಲಿಗಿಂತ ಸಣ್ಣ ಸ್ಪ್ರಿಂಗು; ಮೇಜು ನಡುಗಿದರೆ ಹಾರಿಹೋಗುತ್ತದೆ. ಫೋನು ಗುರ್ ಎಂದರೆ ಮೇಜು ನಡುಗುತ್ತದೆಂದು ಅದನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿಗೆ ಹಾಕಿದ್ದೆ. ತೆಗೆದು ನೋಡಿದಾಗ ಸಂಜೆ ನಾಲ್ಕೂವರೆ. ಆಸ್ಪತ್ರೆಗೆ ಓಡಿ ಬಂದಾಗ ನಿನ್ನ ಕಾಲಿಗೆ ಪ್ಲಾಸ್ಟರ್ ಹಾಕಿಯಾಗಿತ್ತು. ನರ್ಸು ಒಂದು ಕಾಗದ ಕೊಟ್ಟರು. ನಿನ್ನ ಹೆಸರು, ನಿನ್ನ ರಕ್ತದ ಗುಂಪು, ಕೆಳಗೆ ಯಾರೋ ಅಪರಿಚಿತರ ಸಹಿ. ಸಂಬಂಧ ಎಂದಿದ್ದ ಕಡೆ ಅವರು ಪಾಪ, "ದಾರಿಯಲ್ಲಿ ಹೋಗುತ್ತಿದ್ದವರು" ಎಂದು ಬರೆದಿದ್ದರು.

ನೀನು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಪ್ಲಾಸ್ಟರ್ ಬಿಚ್ಚುವವರೆಗೂ ಸುಮ್ಮನಿದ್ದು, ಬಿಚ್ಚಿದ ಮೇಲೆ ವರ್ಗ ಕೇಳಿಕೊಂಡು ಆ ಊರಿಗೆ ಹೋದೆ. ಹೋಗುವಾಗ ಎರಡೇ ಮಾತು ಹೇಳಿದೆ. "ನಿಂತ ಗಡಿಯಾರ ಹಿಡ್ಕೊಂಡು ಬಂದವರನ್ನ ನೋಡೋ ಹಾಗೆ ಒಂದು ದಿನ ನನ್ನ ನೋಡಿದ್ರೆ ಸಾಕಿತ್ತು" ಎಂದೆ. "ಫೋನ್ ಮಾಡ್ಬೇಡಿ, ನೀವು ಹೂಂ ಅನ್ನೋದನ್ನ ಕೇಳೋಕೆ ನನಗೆ ಫೋನ್ ಬೇಡ, ಹೇಳೋದಿದ್ರೆ ಬರೀರಿ" ಎಂದೆ. ಎರಡೂ ಸರಿಯಾದ ಮಾತು. ತಪ್ಪು ನನ್ನದು. ಗಿರಾಕಿಯ ಸ್ಪ್ರಿಂಗು, ಹಾಳು ಡ್ರಾಯರು ಎಂದೆಲ್ಲ ಮೂರು ವರ್ಷ ಮನಸ್ಸಿನಲ್ಲೇ ಸಬೂಬು ಜೋಡಿಸಿದೆ. ಯಾವುದೂ ನಿಲ್ಲಲಿಲ್ಲ. ನನ್ನನ್ನು ಕ್ಷಮಿಸು.

ಹಳೆಯ ಫೋನು ಕೈಕೊಟ್ಟಿತು ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಅದು ಗಟ್ಟಿಮುಟ್ಟಾಗಿದೆ, ಈಗಲೂ ಅದೇ ಡ್ರಾಯರಿನಲ್ಲಿದೆ. ಒಂದು ದಿನ ಬೀಗದಣ್ಣನ ಫೋನು ನೋಡುತ್ತಾ ಏನೋ ಹೊಳೆಯಿತು, ಸೀದಾ ಫೋನಿನ ಅಂಗಡಿಗೆ ಹೋದೆ. ಅಲ್ಲಿನ ಹುಡುಗಿ ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು ಎಂದು ಶುರುಮಾಡಿದಳು. ನಾನು ತಡೆದು, "ಅಮ್ಮಾ, ಎಲ್ಲರ ಸದ್ದೂ ಅಡಗಿಸಿ ಒಬ್ಬರದು ಮಾತ್ರ ಜೋರಾಗಿ ಕೇಳೋ ಹಾಗೆ ಮಾಡೋಕಾಗುತ್ತಾ?" ಎಂದು ಕೇಳಿದೆ. ಆಗುತ್ತೆ ಎಂದಳು. ಹಾಗಾದರೆ ಕೊಡು ಎಂದೆ. ನಾನು ಕೇಳಿದ್ದು ಅದೊಂದೇ ಪ್ರಶ್ನೆ.

ಅದನ್ನು ಮಾಡಿಸಿಕೊಂಡಿದ್ದೇನೆ. ಫೋನು ಈಗ ಮೇಜಿನ ಮೇಲೇ ಇರುತ್ತದೆ, ಕೆಳಗೆ ದಪ್ಪ ರಬ್ಬರಿನ ಹಾಳೆ ಹಾಸಿದ್ದೇನೆ. ನೀನೊಬ್ಬಳು ಕರೆದರೆ ಮಾತ್ರ ಅದು ಬಾಯಿಬಿಡುತ್ತದೆ. ಇದಕ್ಕೆ ನಿನ್ನ ಒಪ್ಪಿಗೆ ಕೇಳಲಿಲ್ಲ, ಏಕೆಂದರೆ ಎತ್ತಬೇಕಾದವನು ನಾನು. ಆದರೆ ಆ ತುರ್ತಿನ ಪುಟ ಹಾಗಲ್ಲ. ನನಗೇನಾದರೂ ಆದರೆ ಓಡಿ ಬರಬೇಕಾದವರ ಹೆಸರು ಅದು. ನೀನು ಕರೆದಾಗ ಬರದವನು ಯಾವ ಮುಖ ಇಟ್ಟುಕೊಂಡು ನಿನ್ನ ಹೆಸರು ಬರೆಯಲಿ? ಅದಕ್ಕೇ ಆ ಜಾಗ ಖಾಲಿ ಬಿಟ್ಟಿದ್ದೇನೆ. ಬರೆದುಕೊಳ್ಳಲೇ? ಬೇಡ ಎಂದರೆ ಬೀಗದಣ್ಣನ ಹೆಸರು ಬರೆಯುತ್ತೇನೆ. ಹೇಗೂ ಕರೆಯದಿದ್ದರೂ ಬರುವವನು. ಹೌದೋ ಅಲ್ಲವೋ, ಒಂದೇ ಒಂದು ಸಾಲು ಬರೆದು ತಿಳಿಸು. ಇದನ್ನು ಕೇಳುವುದಕ್ಕೇ ಇಷ್ಟು ಪುಟ ಸುತ್ತಿ ಬಂದೆ.

ನಿನ್ನ ಕಾಲು ಚಳಿಗೆ ನೋಯುತ್ತದೆಯೇ? ಏಣಿ ಹತ್ತಬೇಡ. ಮೇಲಿನ ಕಪಾಟಿನ ಪುಸ್ತಕ ಬೇಕೆನ್ನುವವರಿಗೆ ಕೆಳಗಿನದನ್ನೇ ಓದಲು ಹೇಳು.

ನಿನ್ನ,
ಗಡಿಯಾರದವನು

ತಾ.ಕ.: ಅದೇ ದಿನ, ಮಧ್ಯಾಹ್ನ ಎರಡು ಗಂಟೆ. ಆದದ್ದು ನಿನಗೆ ಗೊತ್ತೇ ಇದೆ. ಆದರೂ ನನ್ನ ಕಡೆಯದನ್ನು ಬರೆದಿಡುತ್ತೇನೆ. ಫೋನಿನಲ್ಲಿ ನಾನು ಎಂಥ ಮಾತುಗಾರ ಎಂದು ನಿನಗೆ ಗೊತ್ತಲ್ಲ.

ಲಕೋಟೆ ಅಂಟಿಸುವ ಮೊದಲು ನಮ್ಮ ಅಂಗಡಿ ಗೋಡೆಯ ಕುಂಟು ಗಡಿಯಾರ ಕಣ್ಣಿಗೆ ಬಿತ್ತು. ಟಿಕ್ ಎಂದು ಒಂದು ಹೆಜ್ಜೆ ಉದ್ದ, ಟಕ್ ಎಂದು ಒಂದು ಹೆಜ್ಜೆ ಗಿಡ್ಡ. ಊರಿನವರದ್ದೆಲ್ಲ ಸರಿಮಾಡ್ತೀರಿ, ನಮ್ಮದು ಮಾತ್ರ ಹೀಗೇ ಎಂದು ನೀನು ಗೊಣಗುತ್ತಿದ್ದುದು ನೆನಪಾಯಿತು. ಇವತ್ತು ಅದನ್ನು ನೋಡೇ ಬಿಡೋಣ ಎಂದುಕೊಂಡೆ. ಕುಂಟು ಎಷ್ಟೆಂದು ಮೊದಲು ಅಳೆಯಬೇಕು. ಹೊಸ ಫೋನು ಅಷ್ಟು ಕರಾರುವಾಕ್ಕಾಗಿದೆ, ಅದರಲ್ಲೇ ಅಳೆಯುವ ಆಸೆಯಾಯಿತು. ಸ್ಟಾಪ್‌ವಾಚ್ ಎಂದರೆ ನನ್ನ ಕೈಗೆ ಗೊತ್ತಿರುವುದು ಒಂದೇ ರೀತಿ: ಪಕ್ಕದ ಗುಂಡಿ ಒತ್ತಿದರೆ ಶುರು, ಮತ್ತೆ ಒತ್ತಿದರೆ ನಿಲ್ಲುತ್ತದೆ. ಫೋನಿನ ಪಕ್ಕದಲ್ಲೂ ಗುಂಡಿ ಇತ್ತು. ಟಿಕ್ ಎಂದಾಗ ಒತ್ತಿದೆ, ಟಕ್ ಎಂದಾಗ ಒತ್ತಿದೆ. ಐದು ಸಲ ಒತ್ತಿದ್ದೇ ತಡ, ಅದು ಐದು, ನಾಲ್ಕು, ಮೂರು ಎಂದು ಹಿಂದಕ್ಕೆ ಎಣಿಸತೊಡಗಿತು. ಎಂಥ ಒಳ್ಳೆಯ ಸ್ಟಾಪ್‌ವಾಚ್ ಎಂದು ನೋಡುತ್ತಾ ಕೂತೆ. ಸೊನ್ನೆಯಾದ ಮೇಲೆ ಅದು, ಒಡೆಯರು ಅಪಾಯದಲ್ಲಿದ್ದಾರೆಂದು ಸಂದೇಶ ಕಳಿಸಲಾಗಿದೆ, ಇರುವ ಜಾಗದ ನಕ್ಷೆಯನ್ನೂ ಕಳಿಸಲಾಗಿದೆ ಎಂದು ದೊಡ್ಡ ಅಕ್ಷರದಲ್ಲಿ ಬರೆಯಿತು.

ಯಾರಿಗೆ ಕಳಿಸಿತು ಎಂದು ನೀನು ಆಗ ಕೇಳಲಿಲ್ಲ. ನಾನೇ ಹೇಳುತ್ತೇನೆ. ಖಾಲಿ ಬಿಟ್ಟಿದ್ದೇನೆ ಎಂದು ಬರೆದದ್ದೂ ಸುಳ್ಳು. ಆ ಪುಟ ಬಂದ ಕ್ಷಣವೇ ಬೆರಳು ತಾನಾಗಿ ನಿನ್ನ ಹೆಸರು ಬರೆದಿತ್ತು. ಅಳಿಸಬೇಕೆಂದು ಎರಡು ದಿನದಿಂದ ನೋಡುತ್ತಿದ್ದೆ, ಮನಸ್ಸು ಬರಲಿಲ್ಲ.

ಫೋನು ಹೊಡೆದುಕೊಂಡಾಗ ಗಾಜಿನ ಕಪಾಟೇ ಅದುರಿತು. ಗಾಬರಿಯಲ್ಲಿ ಗಡಿಯಾರ ನಿಲ್ಲಿಸಲು ಹೋಗಿ ಕಳಚಿ ಬಂದ ಲೋಲಕ ನನ್ನ ಬಲಗೈಯಲ್ಲಿತ್ತು. ಅದನ್ನು ನೆಲಕ್ಕೆ ಬಿಟ್ಟೆ. ಏನಾಯ್ತು, ಏನಾಯ್ತು ಎಂದು ನೀನು ಏದುಸಿರು ಬಿಡುತ್ತಿದ್ದೆ. ಏನೂ ಆಗಿಲ್ಲ, ನನ್ನದೇ ಪೆದ್ದುತನ ಎಂದೆ. ಗಡಿಯಾರ, ಗುಂಡಿ, ಸ್ಟಾಪ್‌ವಾಚ್ ಎಂದು ತಡವರಿಸಿದೆ. ಈಗ ಬೈಯುತ್ತಾಳೆ, ಬೈಯಲಿ ಎಂದು ಕಾದೆ. ನೀನು ಬೈಯಲಿಲ್ಲ, "ಒಂದೇ ರಿಂಗಿಗೆ ಎತ್ತಿದ್ರಿ" ಎಂದೆ.

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಹೂಂ ಎಂದೂ ಅನ್ನಲಾಗಲಿಲ್ಲ.

"ನಕ್ಷೆ ಬೇರೆ ಕಳ್ಸಿದ್ದೀರಲ್ಲ, ನೀವು ಅಂಗಡಿ ಬಿಟ್ಟು ಇನ್ನೆಲ್ಲಿರ್ತೀರಿ?" ಎಂದು ನೀನೇ ನಕ್ಕೆ. ಆಮೇಲೆ, ಸಂಬಂಧ ಅಂತ ಇರೋ ಕಡೆ ಏನು ಬರೆದಿದ್ದೀರಿ ಎಂದು ಕೇಳಿದೆ. ಹೆಂಡತಿ ಎಂದೆ ನಾನು. ನೀನು "ಹೂಂ" ಎಂದೆ. ಮೂವತ್ತು ವರ್ಷ ನಾನು ಅನ್ನುತ್ತಿದ್ದ ಆ ಅಕ್ಷರದಲ್ಲಿ ಇಷ್ಟು ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಂದೇಶ ನೋಡಿದ ಗಾಬರಿಯಲ್ಲಿ ಆಗಲೇ ಲೈಬ್ರರಿಗೆ ಬೀಗ ಹಾಕಿಬಿಟ್ಟಿದ್ದೀನಿ, ಮತ್ತೆ ತೆಗೆಯೋಕೆ ಬೇಜಾರು, ಎರಡೂವರೆಗೆ ಇಲ್ಲಿಂದ ಹೊರಡೋ ಬಸ್ಸಿಗೆ ಬರ್ತೀನಿ ಎಂದೆಯಲ್ಲ. ಏನೂ ಆಗಿಲ್ಲ ಎಂದ ಮೇಲೆ, ಬೇಡ, ನೀನು ಯಾಕೆ ತೊಂದರೆ ತಗೋತೀಯ ಎಂದು ನಾನು ಹೇಳಬೇಕಿತ್ತು. ಬೇಕೆಂದೇ ಹೇಳಲಿಲ್ಲ.

ಈ ಪತ್ರಕ್ಕೆ ಅಂಚೆಚೀಟಿ ಹಚ್ಚುತ್ತಿಲ್ಲ. ಮೇಜಿನ ಮೇಲೆ ಒಬ್ಬರ ಕೈಗಡಿಯಾರ ಬಿಚ್ಚಿಕೊಂಡೇ ಇದೆ, ಇರಲಿ. ಅಂಗಡಿ ಮುಚ್ಚಿ, ಕೀಲಿಯನ್ನು ಬೀಗದಣ್ಣನಿಗೆ ಕೊಟ್ಟು, ಸಂಜೆ ನಿನ್ನ ಬಸ್ಸು ಇಲ್ಲಿಗೆ ಬರುವುದಕ್ಕೆ ಒಂದು ಗಂಟೆ ಮೊದಲೇ ಸ್ಟ್ಯಾಂಡಿನಲ್ಲಿರುತ್ತೇನೆ. ಮೂವತ್ತಾರನೇ ಪತ್ರವನ್ನು ಕೈಯಲ್ಲೇ ಕೊಡುತ್ತೇನೆ.