ಗಾಡಿಯ ಹೊಟ್ಟೆಗೆ ಉಕ್ಕಿನ ತಗಡು

ಹ್ಯಾಂಕ್ಸ್‌ವಿಲ್, ಯೂಟಾ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಮಗಳು ಜನೀಲ್‌ಗೆ,

ಹಡಗಿನಲ್ಲಿ ಹೊಟ್ಟೆ ತುಂಬ ಊಟ ಹಾಕುತ್ತಾರೆಯೇ? ವಾಂತಿ, ತಲೆಸುತ್ತು ನಿಂತಿತೇ? ನಾನು ಗಟ್ಟಿಮುಟ್ಟಾಗಿದ್ದೇನೆ, ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಅಮ್ಮನ ಕಣ್ಣಿನ ವಿಷಯ ನಿನಗೆ ಗೊತ್ತೇ ಇದೆ. ಉಳಿದಿರುವ ಚೂರು ನೋಟವೂ ಚಳಿಗಾಲದ ಹೊತ್ತಿಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಅವಳ ಬಾಯಲ್ಲಿ ಒಂದೇ ಮಾತು, ಅವಳಪ್ಪನ ಕುರಿದೊಡ್ಡಿಯಿದ್ದ ಕಣಿವೆಯನ್ನು ಇನ್ನೊಂದು ಸಲ ನೋಡಬೇಕು.

ನೀನು ಹೊರಡುವ ದಿನ, ನಮ್ಮ ಗಾಡಿಗೆಂದು ನೀನು ತರಿಸಿ ಷೆಡ್ಡಿನಲ್ಲಿಟ್ಟಿದ್ದ ಬಿಡಿಭಾಗಗಳ ಪೆಟ್ಟಿಗೆಗಳನ್ನು ನೋಡಿ ನಾನು ಅಂದದ್ದನ್ನು ನೀನು ಮರೆತಿರಲಾರೆ. "ಇರೋ ಬಂಪರ್ ಕಿತ್ತು ಇನ್ನೊಂದು ಬಂಪರ್ ಹಾಕೋರನ್ನ ಇವತ್ತೇ ನೋಡಿದ್ದು. ಈ ಗುಜರಿನ ನಾನಂತೂ ಮುಟ್ಟಲ್ಲ." ನೀನು ಚೀಲ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟೆ.

ಮುಟ್ಟಿದೆ ಕಣೇ. ಮುಟ್ಟದೆ ಏನು ಮಾಡಲಿ? ಮೂರು ವರ್ಷದ ಹಿಂದಿನ ಪ್ರವಾಹ ಕಣಿವೆಯ ದಾರಿಯನ್ನು ಕಿತ್ತುಕೊಂಡು ಹೋಗಿ ಬರೀ ಮೆಟ್ಟಿಲಿನಂಥ ಬಂಡೆಗಳನ್ನು ಉಳಿಸಿದೆ. ಅಮ್ಮನಿಗೆ ಅಷ್ಟು ದೂರ ನಡೆಯಲಾಗುವುದಿಲ್ಲ, ಕುದುರೆ ಏರುವ ಸೊಂಟವೂ ಇಲ್ಲ. ಪಕ್ಕದ ಮನೆ ಲೂಪೆಯನ್ನು ಕರೆದೆ. ಭಾನುವಾರ ಬಂತೆಂದರೆ ಅವಳು ತನ್ನ ಗಾಡಿಯನ್ನು ಬಂಡೆಗಲ್ಲು ಹತ್ತಿಸದೆ ಇರುವವಳಲ್ಲ. ಬಂಪರನ್ನು ಇಬ್ಬರೂ ಸೇರಿ ಎತ್ತಲಾಗದೆ ಜಾಕ್ ಕೊಟ್ಟು ಕೂರಿಸಿದೆವು. ನೀನು ತರಿಸಿದ್ದ ಆ ದೈತ್ಯ ಟೈರುಗಳು ಸ್ಟಿಯರಿಂಗ್ ತಿರುಗಿಸಿದರೆ ಒಳಗೆ ಉಜ್ಜುತ್ತಿದ್ದವು. ಲೂಪೆ ಗರಗಸ ತಂದು ಒಳಗಿನ ಪ್ಲಾಸ್ಟಿಕ್ಕನ್ನು ಕೊಯ್ದೇಬಿಟ್ಟಳು, ನನ್ನ ಜೀವ ಬಾಯಿಗೆ ಬಂತು. ಕೊನೆಗೆ ಗಾಡಿಯ ಹೊಟ್ಟೆ ಕಾಯುವ ಆ ಉಕ್ಕಿನ ತಗಡು. ಕಲ್ಲು ಹತ್ತಿಸುವವರು ಅದನ್ನು ಬಿಗಿಯುವ ಮೊದಲು ಒಳಮೈಯಲ್ಲಿ ಏನಾದರೂ ಬರೆಯುತ್ತಾರಂತೆ, ಆಮೇಲೆ ಯಾರಿಗೂ ಕಾಣುವುದಿಲ್ಲ. ತಿರುಗಿಸಿ ನೋಡಿದರೆ ಬಿಳಿ ಬಣ್ಣದಲ್ಲಿ ನಿನ್ನ ಅಕ್ಷರ: "ಅಪ್ಪಾ, ಅಮ್ಮನ್ನ ಹುಷಾರಾಗಿ ಕರ್ಕೊಂಡು ಹೋಗು." ನಾನೇ ಕೂರಿಸುತ್ತೇನೆಂದು ನಿನಗೆ ಮೊದಲೇ ಗೊತ್ತಿತ್ತಲ್ಲ, ಕಳ್ಳಿ! ನೆಲದ ಮೇಲೆ ಕೂತು ಅತ್ತೆ.

ಶನಿವಾರ ಹೊರಟೆವು. ನಲವತ್ತು ವರ್ಷ ಹುಲ್ಲಿನ ಲಾರಿ ಓಡಿಸಿದವನು ನಾನು, ಒದ್ದರೆ ಟೈರು ಠಣ್ ಎನ್ನಬೇಕು ಎಂದು ಗಾಳಿ ತುಂಬಿಸಿಕೊಂಡೇ ಹೋದೆ. ಮೊದಲ ಮೆಟ್ಟಿಲಿಗೇ ಗಾಡಿ ಪುಟಿದು ಪಕ್ಕಕ್ಕೆ ಜಾರಿತು, ಕಾಫಿ ಫ್ಲಾಸ್ಕ್ ಅಮ್ಮನ ಮಡಿಲಿಗೆ ಬಿತ್ತು. ಮುಂದೆ ಬಂಡೆಯ ಮೇಲೆ ನಿಂತು ಚಕ್ರ ಎತ್ತ ತಿರುಗಿಸಬೇಕೆಂದು ಕೈಸನ್ನೆ ಮಾಡುತ್ತಿದ್ದ ಲೂಪೆ ಇಳಿದು ಬಂದು ನಾಲ್ಕೂ ಟೈರಿನ ಗಾಳಿಯನ್ನು ಅರ್ಧಕ್ಕಿಂತ ಹೆಚ್ಚು ಬಿಟ್ಟಳು. ನಾನು ಕೂಗಾಡಿದೆ. ಅವಳು ತಲೆಯೆತ್ತಲಿಲ್ಲ. "ರಸ್ತೆ ಬುದ್ಧಿನ ರಸ್ತೇಲೇ ಬಿಟ್ಬಿಡಿ ಓರಿನ್. ನನ್ನ ಕೈ ನೋಡ್ಕೊಂಡು ಬನ್ನಿ, ಸಾಕು."

ಏನೆಂದು ಬರೆಯಲಿ ಪುಟ್ಟೀ! ಆ ಮೆತ್ತನೆಯ ಟೈರು ನಾದಿದ ಹಿಟ್ಟಿನ ಹಾಗೆ ಕಲ್ಲನ್ನು ತಬ್ಬಿಕೊಂಡು ಸದ್ದಿಲ್ಲದೆ ಮೇಲೆ ಹತ್ತಿತು. ಮುಂದೆ ಬರೀ ಆಕಾಶ, ಪಕ್ಕದಲ್ಲಿ ಕೆಂಪು ಬಂಡೆ. ಅರವತ್ತು ವರ್ಷ ಇದರ ಕೆಳಗೇ ಬದುಕಿದ್ದೇನೆ, ತಲೆಯೆತ್ತಿ ಒಂದು ದಿನವೂ ನೋಡಿರಲಿಲ್ಲ. ಕೊನೆಯ ಮೆಟ್ಟಿಲಿನಲ್ಲಿ ಕೆಳಗೆ ಢಣಾರ್ ಎಂದಿತು. ಎಂಜಿನ್ ಹೋಯಿತೆಂದು ಗಾಡಿಯ ಹೊಟ್ಟೆಯಡಿ ತೆವಳಿ ನೋಡಿದರೆ ತಗಡಿನ ಮೇಲೆ ಬೆರಳಗಲದ ಗೀರು, ಅಷ್ಟೇ. ಟೋಪಿ ತೆಗೆದು ಆ ಕಬ್ಬಿಣಕ್ಕೆ ನಮಸ್ಕಾರ ಮಾಡಬೇಕೆನಿಸಿತು.

ಮೇಲೆ ತಲುಪಿದಾಗ ಅಮ್ಮ ಇಳಿದು ಬಂಪರಿನ ಮೇಲೆ ಕೈಯಿಟ್ಟು ಕಣಿವೆಯ ಕಡೆ ಮುಖ ಮಾಡಿ ನಿಂತಳು. ಆಮೇಲೆ ಬೆರಳು ತೋರಿಸಿದಳು. "ಅಗೋ ದೊಡ್ಡಿ. ಅಗೋ ಮೂರು ಮರ. ಎಲ್ಲಾ ಹಂಗೇ ಇದೆ ಅಲ್ವಾ, ಓರಿನ್?" ಹೂಂ ಎಂದೆ.

ಲೂಪೆ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಅಮ್ಮನ ಮುತ್ತುಗಳು. ದೇವರು ನಿನ್ನ ಹಡಗನ್ನು ನೆಟ್ಟಗೆ ನಡೆಸಲಿ.

ನಿನ್ನ ಹಠಮಾರಿ ಅಪ್ಪ,
ಓರಿನ್

ಮರೆತ ಮಾತು: ಅಮ್ಮ ಅಂಗಳದಲ್ಲಿದ್ದಾಳೆ, ಬೇಗ ಬರೆಯುತ್ತೇನೆ. ಅಲ್ಲಿ ದೊಡ್ಡಿಯೂ ಇಲ್ಲ, ಮರವೂ ಇಲ್ಲ. ಪ್ರವಾಹ ಎಲ್ಲವನ್ನೂ ಒಯ್ದಿದೆ, ಬರೀ ಮರಳು. ಅವಳಿಗೆ ಆಗಲೇ ಏನೂ ಕಾಣುತ್ತಿರಲಿಲ್ಲ. ನಿನ್ನ ಶ್ರಮ ತಡವಾಯಿತೆಂದು ನೀನು ಕೊರಗಬಾರದಲ್ಲ, ಅದಕ್ಕೇ ಅವಳು ಬಾಯಿ ಬಿಟ್ಟಿಲ್ಲ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳುವವನು ನಾನೇ, ಓದುವಾಗ ನಾನು ತಡವರಿಸಿದರೆ ನನಗೆ ಗೊತ್ತೆಂದು ಅವಳಿಗೆ ತಿಳಿದುಬಿಡುತ್ತದೆ, ಇದೊಂದನ್ನು ಅದರಲ್ಲಿ ಬರೆಯಬೇಡ. ಇಳಿಯುವಾಗ ಗಾಡಿ ಕುಲುಕಿದಾಗಲೆಲ್ಲ ಅಮ್ಮ ಯಾವ ತಿರುವು ಬಂತೆಂದು ಲೂಪೆ ಕೈ ಎತ್ತುವ ಮೊದಲೇ ಹೇಳುತ್ತಿದ್ದಳು, ಒಂದೂ ತಪ್ಪಲಿಲ್ಲ. ನೀನು ಬಂದಾಗ ನೀನೇ ಓಡಿಸು. ದಾರಿ ಅವಳು ಹೇಳುತ್ತಾಳೆ.