ಗಾಡಿಯ ಮುಂದಿನ ಹನುಮಪ್ಪ

ಅಣ್ಣಾ,

"ಸಾಲಿ ಬಿಟ್ಟ ಗುಡ್ಡ್ಯಾನ ಕೈಯಾಗ ಗಾಡಿ ಕೊಟ್ರ ಕುದಿಸಿ ಚಾ ಮಾಡ್ಕೊಂಡು ಬರ್ತಾನ" ಎಂದು ನಿನ್ನೆ ಬ್ಯಾಡಗಿ ಪೇಟೆಯಲ್ಲಿ ಹಮಾಲರ ಮುಂದೆ ನನ್ನನ್ನು ಅಂದೆಯಲ್ಲ, ಗಾಡಿ ಕುದ್ದದ್ದು ಯಾಕೆಂದು ಈಗ ಕೇಳು.

ರೇಡಿಯೇಟರಿನಲ್ಲಿ ನೀರು ಭರ್ತಿ ಇತ್ತು. ಬೆಲ್ಟೂ ಬಿಗಿಯಾಗಿದೆ. ದಸರೆಗೆ ನೀನು ಹರಕೆಯೆಂದು ಮುಂದಿನ ಜಾಳಿಗೆಗೆ ಹಾಕಿಸಿದ ಕದರಮಂಡಲಗಿ ಹನುಮಪ್ಪನ ಚಿತ್ರದ ತಗಡು ಗಾಳಿಯನ್ನೇ ಒಳಗೆ ಬಿಡುತ್ತಿಲ್ಲ. ಬರಿಗಾಡಿಯಲ್ಲಿ ಅದು ಗೊತ್ತಾಗುವುದಿಲ್ಲ. ನಿನ್ನೆ ಪೇಟೆಯ ಶಮಶೇರಸಾಬರ ಕೆಟ್ಟು ನಿಂತ ಟೆಂಪೊವನ್ನು ಮೋಟೆಬೆನ್ನೂರಿನಿಂದ ಎಳೆದು ತಂದಾಗ ಕುದಿಯಿತು.

ಸ್ನಾನ ಮಾಡಿಯೇ ತಗಡು ಬಿಚ್ಚಿದ್ದೇನೆ. ದೇವರ ಜಗಲಿಯ ಮೇಲಿದೆ. ಮತ್ತೆ ಹಾಕಿಸಬೇಡ. ಬೇಕಾದರೆ ಗಾಡಿಯೊಳಗೆ ಚಿಕ್ಕ ಫೋಟೊ ಹಚ್ಚು.

ರಾಣೆಬೆನ್ನೂರಿಗೆ ಹೊರಡುವ ಮೊದಲು ನೀರು ನೋಡು. ಬಿಸಿ ಇದ್ದಾಗ ಮಾತ್ರ ಮುಚ್ಚಳ ತಿರುವಬೇಡ, ಮುಖ ಬೇಯುತ್ತದೆ. ಕೀಲಿ ಅವ್ವನ ಹತ್ತಿರ ಇದೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಹೊಸರಿತ್ತಿಗೆ ಅಕ್ಕನ ಮನೆಗೆ ಹೋಗುತ್ತೇನೆ.

ಇದನ್ನೆಲ್ಲ ಪೇಟೆಯಲ್ಲೇ ಹೇಳಬಹುದಿತ್ತು. ಹೇಳಿದ್ದರೆ ಹಮಾಲರು ನಿನ್ನನ್ನೂ ನಿನ್ನ ಹರಕೆಯನ್ನೂ ನೋಡಿ ನಗುತ್ತಿದ್ದರು. ಅದಕ್ಕೇ, "ಬಾಯಾಗೇನ್ ಇಟಗೊಂಡೀಯಲೇ, ಹೇಳು" ಎಂದು ನೀನು ಹಿಂದಿನಿಂದ ಕೂಗುತ್ತಿದ್ದರೂ ನಡೆದುಬಂದೆ.